ಮಕ್ಕಳೊಂದಿಗೆ ಕೆನಡಾಕ್ಕೆ ಹೊರಟಿದ್ದೇವೆ: ಶಾಲೆಯ ಕಾಗದಪತ್ರಗಳನ್ನು ಊರಿನಲ್ಲಿರುವಾಗಲೇ ಹೇಗೆ ಸಿದ್ಧಮಾಡಿಕೊಳ್ಳಬೇಕು?

ಪ್ರಶ್ನೆ: ಶಿರಸಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸ್ಸಿಸಾಗಾ ನಗರದಲ್ಲಿ ಕೆಲಸ ಸಿಕ್ಕಿ, ಅವರು ಈಗಾಗಲೇ ಅಲ್ಲಿಗೆ ಹೋಗಿ ಸೇರಿಕೊಂಡಿದ್ದಾರೆ. ಇಲ್ಲಿ ವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಮಳೆಗಾಲ ಹಿಡಿದುಕೊಳ್ಳುವ ಹೊತ್ತಿಗೆ, ನಾನು ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಡಬೇಕಾಗಿದೆ. ಪಾಸ್‌ಪೋರ್ಟ್‌ಗಳು ಕೈಯಲ್ಲಿವೆ, ವೀಸಾದ ಕೆಲಸವೂ ಒಂದು ಹಂತಕ್ಕೆ ಬಂದಿದೆ. ನನಗೆ ತಲೆಬಿಸಿಯಾಗಿರುವುದು ಮಕ್ಕಳ ಶಾಲೆಯ ಕಾಗದಪತ್ರಗಳ ವಿಷಯ.

ಮಗಳು 2013ರ ಆಗಸ್ಟ್‌ನಲ್ಲಿ ಹುಟ್ಟಿದವಳು, ಮಗ 2018ರ ಡಿಸೆಂಬರ್‌ನಲ್ಲಿ. ಇಬ್ಬರೂ ನಮ್ಮೂರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದು, ಈ ಮಾರ್ಚ್‌ಗೆ ಮಗಳದು ಏಳನೆಯ ತರಗತಿ ಮುಗಿಯುತ್ತದೆ, ಮಗನದು ಒಂದನೆಯ ತರಗತಿ ಮುಗಿಯುತ್ತದೆ. ಮಗ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಇರುವುದರಿಂದ ಅವನಿಗೆ ಅಂಕಪಟ್ಟಿ ಎಂಬುದೇ ಇಲ್ಲ. ಮಗಳ ಹೆರಿಗೆ ನನ್ನ ತವರಾದ ಕಾರವಾರದಲ್ಲಿ ಆದದ್ದರಿಂದ ಅವಳ ಜನನ ನೋಂದಣಿಯೂ ಅಲ್ಲಿಯೇ ಆಗಿದೆ. ಆ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು, ದಿನಾಂಕ ಎಲ್ಲ ಸರಿಯಿದ್ದರೂ ಮಗುವಿನ ಹೆಸರಿನ ಅಂಕಣದಲ್ಲಿ ಒಂದು ಅಡ್ಡಗೆರೆ ಮಾತ್ರ ಇದೆ, ಏಕೆಂದರೆ ನಾಮಕರಣಕ್ಕೆ ಮೊದಲೇ ಅದನ್ನು ತೆಗೆಸಲಾಗಿತ್ತು. ಮಗನ ಪ್ರಮಾಣಪತ್ರದಲ್ಲಿ ಹೆಸರು ಇದೆ; ಆದರೆ ನಮ್ಮ ಅಡ್ಡಹೆಸರಾದ ಹೆಗಡೆ ಎಂಬುದು ಇಂಗ್ಲಿಷಿನಲ್ಲಿ ಅಲ್ಲಿ ಒಂದು ರೀತಿ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೀತಿ ಇದೆ, ಶಾಲೆಯ ದಾಖಲೆಯಲ್ಲಂತೂ ಅಡ್ಡಹೆಸರೇ ಇಲ್ಲದೆ ಇನಿಷಿಯಲ್ ಮಾತ್ರ ಇದೆ.

ಶಿರಸಿಯಲ್ಲಿ ಒಬ್ಬ ಏಜೆಂಟರು ಎಲ್ಲ ಕಾಗದಗಳಿಗೂ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವಂತೆ ಸರಕಾರ ಹಾಕಿಕೊಡುವ ದೃಢೀಕರಣದ ಮುದ್ರೆ) ಮಾಡಿಸಲೇಬೇಕೆಂದು ಹೇಳಿ ದೊಡ್ಡ ಮೊತ್ತವನ್ನೇ ಕೇಳಿದ್ದಾರೆ. ಅದು ನಿಜವಾಗಿ ಬೇಕೇ? ಕನ್ನಡದಲ್ಲಿರುವ ಪ್ರಗತಿಪತ್ರಗಳನ್ನು ಯಾರಿಂದ ಭಾಷಾಂತರ ಮಾಡಿಸಬೇಕು? ಟಿ.ಸಿ.ಗೆ ಬಿ.ಇ.ಓ. ಅವರ ಮೇಲುರುಜು ಬೇಕೇ? ಮಗನನ್ನು ಅಲ್ಲಿ ಎಷ್ಟನೆಯ ತರಗತಿಗೆ ಹಾಕುತ್ತಾರೆ? ಅನುಭವವಿರುವವರು ದಯವಿಟ್ಟು ತಿಳಿಸಿ. ಒಮ್ಮೆ ವಿಮಾನ ಹತ್ತಿದ ಮೇಲೆ ಒಂದು ಸಹಿಗಾಗಿ ಹಿಂದಿರುಗಿ ಬರಲಾಗುವುದಿಲ್ಲ ಎಂಬುದೇ ನನ್ನ ಚಿಂತೆ.


ಉತ್ತರ: ಕುಮಟಾ ಮೂಲದವರು, ಈಗ ಮಿಸ್ಸಿಸಾಗಾ ವಾಸ

ನಮಸ್ಕಾರ. ನಮ್ಮ ಮಕ್ಕಳೂ ಕುಮಟಾದ ಕನ್ನಡ ಶಾಲೆಯಿಂದಲೇ ಇಲ್ಲಿಗೆ ಬಂದವರು, ಆದ್ದರಿಂದ ನಿಮ್ಮ ಪ್ರಶ್ನೆಗೆ ಈ ತುದಿಯಿಂದ ಉತ್ತರ ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದದ್ದೆಂದರೆ, ಇಲ್ಲಿ ಶಾಲೆಯನ್ನು ನಿರ್ಧರಿಸುವುದು ಮನೆಯ ವಿಳಾಸ. ಮಿಸ್ಸಿಸಾಗಾ ಮತ್ತು ಬ್ರಾಂಪ್ಟನ್ ನಗರಗಳ ಸಾರ್ವಜನಿಕ ಶಾಲೆಗಳು ಪೀಲ್ ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡ್‌ನ ಅಡಿಯಲ್ಲಿ ಬರುತ್ತವೆ. ಪ್ರತಿಯೊಂದು ಶಾಲೆಗೂ ತನ್ನದೇ ಗಡಿ ಇದ್ದು, ಆ ಗಡಿಯೊಳಗೆ ವಾಸವಿರುವ ಮಕ್ಕಳನ್ನು ಅದು ಸೇರಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಯಜಮಾನರು ಈಗ ಯಾರದೋ ಮನೆಯ ಕೋಣೆಯಲ್ಲಿ ಉಳಿದುಕೊಂಡಿದ್ದರೆ, ನೀವು ಬರುವ ಮುಂಚೆ ಬಾಡಿಗೆ ಮನೆ ಹಿಡಿದು, ಅದರ ಕರಾರುಪತ್ರ ತಮ್ಮ ಹೆಸರಿನಲ್ಲಿರುವಂತೆ ನೋಡಿಕೊಳ್ಳಲಿ. ವಿಳಾಸದ ಪುರಾವೆ ಇಲ್ಲದಿದ್ದರೆ ಉಳಿದ ಕಾಗದ ಎಷ್ಟೇ ಚೆನ್ನಾಗಿದ್ದರೂ ದಾಖಲಾತಿ ಮುಂದೆ ಹೋಗುವುದಿಲ್ಲ.

ಅದರ ಜೊತೆಗೆ ಕೇಳುವುದು ಮಗುವಿನ ವಯಸ್ಸಿನ ಪುರಾವೆ, ಅಂದರೆ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್, ತಂದೆ ತಾಯಿ ಮತ್ತು ಮಕ್ಕಳ ವಲಸೆ ದಾಖಲೆಗಳು, ಅಂದರೆ ಯಜಮಾನರ ಕೆಲಸದ ಪರವಾನಗಿ ಮತ್ತು ವಿಮಾನ ನಿಲ್ದಾಣದಲ್ಲಿ ನಿಮಗೂ ಮಕ್ಕಳಿಗೂ ಕೊಡುವ ಕಾಗದಗಳು, ಲಸಿಕೆಯ ದಾಖಲೆ, ಮತ್ತು ಹಿಂದಿನ ಶಾಲೆಯ ಪ್ರಗತಿಪತ್ರಗಳು. ತಂದೆಗೆ ಅಥವಾ ತಾಯಿಗೆ ಕೆಲಸದ ಪರವಾನಗಿ ಇದ್ದರೆ ಸಾರ್ವಜನಿಕ ಶಾಲೆಯಲ್ಲಿ ಮಕ್ಕಳಿಗೆ ಶುಲ್ಕವಿಲ್ಲ. ಅದರ ಪುರಾವೆಗಾಗಿಯೇ ಆ ಪರವಾನಗಿಯನ್ನು ಕೇಳುವುದರಿಂದ ಅದರ ಪ್ರತಿಯನ್ನು ಮಕ್ಕಳ ಕಡತದಲ್ಲಿಯೇ ಇಡಿ.

ಇನ್ನು ಅಪೊಸ್ಟಿಲ್. ನಮ್ಮ ಮಕ್ಕಳ ದಾಖಲಾತಿಗೆ ಯಾರೂ ಅದನ್ನು ಕೇಳಲಿಲ್ಲ. ಮೂಲ ಪ್ರತಿಯನ್ನು ನೋಡಿ, ಜೆರಾಕ್ಸ್ ಇಟ್ಟುಕೊಂಡು, ಮೂಲವನ್ನು ಅಲ್ಲಿಯೇ ಹಿಂದಿರುಗಿಸಿದರು. ಭಾರತ 2005ರಿಂದಲೂ ಅಪೊಸ್ಟಿಲ್ ಒಪ್ಪಂದದಲ್ಲಿದ್ದರೂ ಕೆನಡಾದಲ್ಲಿ ಅದು ಜಾರಿಗೆ ಬಂದದ್ದು 2024ರ ಜನವರಿ 11ರಂದು. ಇನ್ನಾವುದಾದರೂ ಕಚೇರಿ ಮುಂದೆ ಜನನ ಪ್ರಮಾಣಪತ್ರಕ್ಕೆ ಅದನ್ನು ಕೇಳಬಹುದೆಂದು ನಿಮಗೆ ಅನ್ನಿಸಿದರೆ ಜನನ ಪ್ರಮಾಣಪತ್ರಗಳಿಗೆ ಮಾತ್ರ ಮಾಡಿಸಿ. ಪ್ರಾಥಮಿಕ ಶಾಲೆಯ ಪ್ರತಿಯೊಂದು ಪ್ರಗತಿಪತ್ರಕ್ಕೂ ಮುದ್ರೆ ಹಾಕಿಸಲು ಹಣ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ವಿದೇಶಾಂಗ ಸಚಿವಾಲಯ ಒಂದು ದಾಖಲೆಗೆ ತೆಗೆದುಕೊಳ್ಳುವ ಅಪೊಸ್ಟಿಲ್ ಶುಲ್ಕ 50 ರೂಪಾಯಿ. ಅದರ ಮೇಲೆ ಅಧಿಕೃತ ಸಂಗ್ರಹ ಕೇಂದ್ರದ ಸೇವಾ ಶುಲ್ಕ ಸೇರುತ್ತದೆ. ಏಜೆಂಟರು ಹೇಳುವ ಮೊತ್ತವನ್ನು ಇದರೊಂದಿಗೆ ತಾಳೆ ನೋಡಿ.

ಮಗನ ತರಗತಿಯ ಬಗ್ಗೆ ಈಗಲೇ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಒಂಟಾರಿಯೊದಲ್ಲಿ ತರಗತಿಯನ್ನು ಹುಟ್ಟಿದ ವರ್ಷದ ಮೇಲೆ ನಿರ್ಧರಿಸುತ್ತಾರೆ. ಡಿಸೆಂಬರ್ 31ರೊಳಗೆ ಆರು ವರ್ಷ ತುಂಬುವ ಮಗು ಆ ಸೆಪ್ಟೆಂಬರ್‌ನಲ್ಲಿ ಒಂದನೆಯ ತರಗತಿಗೆ ಸೇರುತ್ತದೆ. ಅದರಂತೆ 2018ರ ಡಿಸೆಂಬರ್‌ನಲ್ಲಿ ಹುಟ್ಟಿದ ನಿಮ್ಮ ಮಗ 2026ರ ಸೆಪ್ಟೆಂಬರ್‌ನಲ್ಲಿ ನೇರವಾಗಿ ಮೂರನೆಯ ತರಗತಿಯಲ್ಲಿ ಕೂರುತ್ತಾನೆ. ಊರಿನಲ್ಲಿ ಒಂದನೆಯದು ಮುಗಿಸಿದ ಮಗು ಎರಡನೆಯದನ್ನು ಬಿಟ್ಟು ಮೂರಕ್ಕೆ ಹೋಗುವುದೆಂದರೆ ತಾಯಿಯಾದವಳಿಗೆ ಗಾಬರಿಯಾಗುವುದು ಸಹಜ. ಆದರೆ ಇಲ್ಲಿ ಮಕ್ಕಳನ್ನು ವಯಸ್ಸಿನ ಸಂಗಡಿಗರ ಜೊತೆಯಲ್ಲಿಯೇ ಇರಿಸಿ, ಇಂಗ್ಲಿಷಿಗೆ ಪ್ರತ್ಯೇಕ ನೆರವು ಕೊಡುವುದು ಪದ್ಧತಿ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಕೆಳಗಿನ ತರಗತಿಗೆ ಹಾಕುವುದಿಲ್ಲ. ಮಗಳಿಗೆ ಈ ತೊಡಕಿಲ್ಲ, 2013ರಲ್ಲಿ ಹುಟ್ಟಿದ್ದರಿಂದ ಅವಳು ಎಂಟನೆಯ ತರಗತಿಗೇ ಸೇರುತ್ತಾಳೆ. ಅವಳಿಗೆ ನಾಲ್ಕರಿಂದ ಎಂಟನೆಯ ತರಗತಿಯವರೆಗೆ ಕಡ್ಡಾಯವಾಗಿರುವ ಫ್ರೆಂಚ್ ಭಾಷೆ ಹೊಸದಾಗಿ ಎದುರಾಗುತ್ತದೆ.

ಹೊಸದಾಗಿ ಬಂದ ಮಕ್ಕಳನ್ನು ಪೀಲ್ ಬೋರ್ಡ್ ತನ್ನ ಸ್ವಾಗತ ಕೇಂದ್ರಕ್ಕೆ ಕರೆಸಿ ಇಂಗ್ಲಿಷ್ ಮತ್ತು ಗಣಿತವನ್ನು ಪರಿಶೀಲಿಸುತ್ತದೆ. ಇದನ್ನು ಪ್ರವೇಶ ಪರೀಕ್ಷೆ ಎಂದು ತಿಳಿಯಬೇಡಿ, ಯಾವ ಮಗುವಿಗೆ ಎಷ್ಟು ನೆರವು ಬೇಕೆಂದು ನೋಡುವ ಕ್ರಮ ಇದು. ಮಗು ತನ್ನ ಮಾತೃಭಾಷೆಯಲ್ಲಿ ಎಷ್ಟು ಓದಿ ಬರೆಯಬಲ್ಲದು ಎಂಬುದಕ್ಕೂ ಇಲ್ಲಿ ಬೆಲೆಯಿದೆ. ಆದ್ದರಿಂದ ಮಗಳ ಏಳನೆಯ ತರಗತಿಯ ಗಣಿತದ ನೋಟುಪುಸ್ತಕ ಒಂದು, ಕನ್ನಡದಲ್ಲಿ ಅವಳೇ ಬರೆದ ಪ್ರಬಂಧದ ಪುಸ್ತಕ ಒಂದು, ಮಗನ ಚಟುವಟಿಕೆಯ ಹಾಳೆಗಳಲ್ಲಿ ಕೆಲವು, ಇಷ್ಟನ್ನು ರದ್ದಿಗೆ ಹಾಕದೆ ತನ್ನಿ. ನಮ್ಮ ಮಗಳ ದಶಮಾಂಶ ಭಿನ್ನರಾಶಿಯ ಲೆಕ್ಕಗಳನ್ನು ಆ ಕೇಂದ್ರದ ಶಿಕ್ಷಕಿ ಪುಟ ತಿರುವಿ ತಿರುವಿ ನೋಡಿದರು. ಕನ್ನಡ ಅವರಿಗೆ ಬಾರದಿದ್ದರೂ ಲೆಕ್ಕದ ಮೆಟ್ಟಿಲುಗಳು ಅರ್ಥವಾದವು.

ಶಾಲೆಗಳು ತೆರೆಯುವುದು ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದ ನಂತರ. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ ಇರುವುದರಿಂದ, ನೀವು ಜೂನ್‌ನಲ್ಲಿಯೇ ತಲುಪುವಂತಿದ್ದರೆ ರಜೆಗೆ ಮುಂಚೆ ಶಾಲೆಯ ಕಚೇರಿಯನ್ನು ಒಮ್ಮೆ ಕಂಡುಬರುವುದು ಒಳ್ಳೆಯದು.

ನಿಮಗೆ ಸಂಬಂಧವಿಲ್ಲದಿದ್ದರೂ ಇದನ್ನು ಓದುತ್ತಿರುವ ಕಾರವಾರ, ಹೊನ್ನಾವರ ಕಡೆಯ ಕ್ರೈಸ್ತ ಕುಟುಂಬಗಳಿಗಾಗಿ ಒಂದು ಮಾತು. ಒಂಟಾರಿಯೊದಲ್ಲಿ ಸರಕಾರದ ಹಣದಿಂದಲೇ ನಡೆಯುವ ಕ್ಯಾಥೊಲಿಕ್ ಶಾಲೆಗಳ ಬೋರ್ಡ್ ಬೇರೆ ಇದೆ. ಅಲ್ಲಿ ಪ್ರಾಥಮಿಕ ತರಗತಿಗೆ ಸೇರಿಸುವಾಗ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೇಳುತ್ತಾರೆ. ಅದನ್ನು ನಿಮ್ಮ ಇಗರ್ಜಿಯಿಂದ ಹೊರಡುವ ಮೊದಲೇ ಪಡೆದುಕೊಳ್ಳಿ.


ಉತ್ತರ: ನಿವೃತ್ತ ಮುಖ್ಯಾಧ್ಯಾಪಕ, ಯಲ್ಲಾಪುರ

ತಂಗಿ, ಮೇಲಿನವರು ಅಲ್ಲಿಯ ಸಂಗತಿಯನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಇಲ್ಲಿಯ ಶಾಲೆಯ ಕಡೆಯಿಂದ ಬರೆಯುತ್ತೇನೆ.

ನೀವು ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಹೆಸರನ್ನು ಒಂದೇ ರೀತಿ ಮಾಡಿಸುವ ಕೆಲಸ, ಅದೂ ಟಿ.ಸಿ. ಪಡೆಯುವುದಕ್ಕಿಂತ ಮೊದಲು. ಈಗ ವರ್ಗಾವಣೆ ಪ್ರಮಾಣಪತ್ರವನ್ನು ಎಸ್‌.ಎ.ಟಿ.ಎಸ್‌. ಎಂಬ ಆನ್‌ಲೈನ್ ವ್ಯವಸ್ಥೆಯಿಂದ ತೆಗೆದುಕೊಡುತ್ತಾರೆ. ಮಗು ಒಂದನೆಯ ತರಗತಿಗೆ ಸೇರಿದಾಗ ಅದರಲ್ಲಿ ತುಂಬಿದ ಹೆಸರು ಹೇಗಿದೆಯೋ ಹಾಗೆಯೇ ಟಿ.ಸಿ.ಯಲ್ಲಿಯೂ ಮುದ್ರಿತವಾಗಿ ಬರುತ್ತದೆ. ಅಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಟಿ.ಸಿ.ಯಲ್ಲಿಯೂ ಇನಿಷಿಯಲ್ ಮಾತ್ರವೇ. ಆದ್ದರಿಂದ ಶಾಲೆ ನಡೆಯುತ್ತಿರುವಾಗಲೇ ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ ಬರೆದು, ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟಿನ ಪ್ರತಿಯನ್ನು ಲಗತ್ತಿಸಿ, ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರನ್ನು ಸರಿಪಡಿಸಬೇಕೆಂದು ಕೇಳಿಕೊಳ್ಳಿ. ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ತಿದ್ದುವುದು ಮುಖ್ಯಾಧ್ಯಾಪಕರು ತಾವಾಗಿಯೇ ಮಾಡುವ ಕೆಲಸವಲ್ಲ, ಅವರು ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಗಮನಕ್ಕೆ ತಂದು ಅನುಮತಿ ಪಡೆಯಬೇಕಾಗುತ್ತದೆ. ಮಾರ್ಚ್ ಕೊನೆಯಲ್ಲಿ ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ ಎಂದು ಶಿಕ್ಷಕರಿಗೆ ಬಿಡುವಿರುವುದಿಲ್ಲ, ಏಪ್ರಿಲ್ ಎರಡನೆಯ ವಾರದಿಂದ ರಜೆ. ಫೆಬ್ರುವರಿಯೊಳಗೆ ಅರ್ಜಿ ಶಾಲೆಗೆ ತಲುಪಿದರೆ ಮಾತ್ರ ಕೆಲಸ ಸರಾಗವಾಗುತ್ತದೆ.

ಯಾವುದನ್ನು ಅಳತೆಯಾಗಿ ಇಟ್ಟುಕೊಳ್ಳಬೇಕು ಎಂದು ಕೆಲವರು ಗೊಂದಲಪಡುತ್ತಾರೆ. ಪಾಸ್‌ಪೋರ್ಟ್ ಈಗಾಗಲೇ ಆಗಿದೆ, ವೀಸಾದ ಅರ್ಜಿಯೂ ಅದೇ ಹೆಸರಿನಲ್ಲಿ ಹೋಗಿದೆ. ಆದುದರಿಂದ ಉಳಿದ ಎಲ್ಲ ಕಾಗದಗಳನ್ನೂ ಪಾಸ್‌ಪೋರ್ಟಿಗೆ ಹೊಂದಿಸಬೇಕೇ ಹೊರತು ಪಾಸ್‌ಪೋರ್ಟನ್ನು ಬೇರೆಯದಕ್ಕೆ ಹೊಂದಿಸಲು ಹೋಗಬೇಡಿ. ತಿದ್ದುಪಡಿಗೆ ಸಮಯವೇ ಸಾಲದಿದ್ದರೆ, ಈ ಎರಡೂ ಹೆಸರು ಒಂದೇ ಮಗುವಿನದೆಂದು ನೋಟರಿಯವರ ಮುಂದೆ ತಾಯಿ ಅಥವಾ ತಂದೆ ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್ ಮಾಡಿಸಿಕೊಳ್ಳುವುದು ಎರಡನೆಯ ದಾರಿ.

ಮಗಳ ಜನನ ಪ್ರಮಾಣಪತ್ರದ ಬಗ್ಗೆ ಆತಂಕ ಬೇಡ. ಜನನ ಮರಣ ನೋಂದಣಿಯ 1969ರ ಕಾಯ್ದೆಯ 14ನೆಯ ಕಲಮಿನಲ್ಲಿ, ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಮೊದಲ ಹನ್ನೆರಡು ತಿಂಗಳಲ್ಲಿ ಅದಕ್ಕೆ ಶುಲ್ಕವಿಲ್ಲ. ಆ ಬಳಿಕ ಹದಿನೈದು ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಮಗಳಿಗಿನ್ನೂ ಹದಿನೈದಾಗಿಲ್ಲವಾದ್ದರಿಂದ ನೀವು ಅವಧಿಯೊಳಗೇ ಇದ್ದೀರಿ. ಆದರೆ ಈ ಕೆಲಸ ಶಿರಸಿಯಲ್ಲಿ ಆಗುವುದಿಲ್ಲ, ಜನನ ನೋಂದಣಿಯಾದ ಕಾರವಾರದಲ್ಲಿಯೇ, ಅಲ್ಲಿಯ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಆಗಬೇಕು. ಮಳೆ ಹಿಡಿದ ಮೇಲೆ ದೇವಿಮನೆ ಘಟ್ಟದ ರಸ್ತೆಯನ್ನು ನಂಬಿಕೊಳ್ಳುವಂತಿಲ್ಲ. ಬೇಸಿಗೆಯಲ್ಲಿಯೇ ಇಳಿದು, ತವರುಮನೆಯಲ್ಲಿ ಉಳಿದುಕೊಂಡು ಮುಗಿಸಿ. ಹೊಸ ಪ್ರಮಾಣಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಇರುವುದರಿಂದ ಅದಕ್ಕೆ ಭಾಷಾಂತರ ಬೇಕಾಗುವುದಿಲ್ಲ. ಕೈಗೆ ಬಂದೊಡನೆ ಕೌಂಟರಿನಲ್ಲಿಯೇ ನಿಂತು ಇಂಗ್ಲಿಷ್ ಅಕ್ಷರಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿ ಹಿಡಿದು ಒಂದೊಂದಾಗಿ ನೋಡಿಕೊಳ್ಳಿ, ಒಂದಕ್ಕೆ ಬದಲು ಮೂರು ನಾಲ್ಕು ಪ್ರತಿ ತೆಗೆಸಿಕೊಳ್ಳಿ. ಮಗನ ಪ್ರಮಾಣಪತ್ರದಲ್ಲಿ ಅಡ್ಡಹೆಸರಿನ ಅಕ್ಷರ ವ್ಯತ್ಯಾಸಕ್ಕೆ ಅದೇ ಕಾಯ್ದೆಯ 15ನೆಯ ಕಲಮಿನಂತೆ ತಿದ್ದುಪಡಿಗೆ ಅರ್ಜಿ ಕೊಡಬೇಕಾಗುತ್ತದೆ.

ಈಗ ಶಾಲೆಯಿಂದ ಪಡೆಯಬೇಕಾದ ಕಾಗದಗಳು. ಮಗಳದು ಹೇಗೂ ಏಳನೆಯ ತರಗತಿಗೆ ಶಾಲೆಯೇ ಮುಗಿಯುವುದರಿಂದ ಟಿ.ಸಿ. ಕೊಟ್ಟೇ ಕೊಡುತ್ತಾರೆ. ಮಗನಿಗೂ ಅರ್ಜಿ ಕೊಟ್ಟು ಟಿ.ಸಿ. ಪಡೆಯಿರಿ. ಕೆನಡಾದ ಪ್ರಾಥಮಿಕ ಶಾಲೆ ಅದನ್ನು ಕೇಳಲಿ, ಬಿಡಲಿ, ನಾಳೆ ಯಾವುದೋ ಕಾರಣಕ್ಕೆ ಊರಿಗೆ ಹಿಂದಿರುಗಿದರೆ ಇಲ್ಲಿಯ ಶಾಲೆಗೆ ಅದು ಬೇಕೇ ಬೇಕು. ಹೊರಗೆ ಹೋಗುವ ಟಿ.ಸಿ.ಯಾದ್ದರಿಂದ ಬಿ.ಇ.ಓ. ಅವರ ಮೇಲುರುಜು ಹಾಕಿಸಿಟ್ಟುಕೊಳ್ಳುವುದು ಲೇಸು. ಮುಂದೆಂದಾದರೂ ಅಪೊಸ್ಟಿಲ್ ಬೇಕಾದರೂ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಶಿರಸಿಯೇ ಶೈಕ್ಷಣಿಕ ಜಿಲ್ಲೆಯಾಗಿದ್ದು ಉಪನಿರ್ದೇಶಕರ ಕಚೇರಿ ಅಲ್ಲಿಯೇ ಇರುವುದರಿಂದ, ಶಾಲೆಯ ಕಾಗದಗಳಿಗಾಗಿ ಘಟ್ಟ ಇಳಿಯುವ ಪ್ರಮೇಯವಿಲ್ಲ.

ಪ್ರಗತಿಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊರದೇಶದ ಶಿಕ್ಷಕರಿಗೆ ಅದು ಅರ್ಥವಾಗದಿದ್ದರೆ ಕೊಟ್ಟೂ ಪ್ರಯೋಜನವಿಲ್ಲ. ನಮ್ಮ ಪ್ರಗತಿಪತ್ರದಲ್ಲಿ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕಗಳೂ ಶ್ರೇಣಿಗಳೂ ಇರುತ್ತವೆ. ಈ ಹೆಸರುಗಳನ್ನು ಬರಿದೆ ಭಾಷಾಂತರ ಮಾಡಿದರೆ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ. ಆದುದರಿಂದ ಐದು, ಆರು ಮತ್ತು ಏಳನೆಯ ತರಗತಿಗಳ ಫಲಿತಾಂಶವನ್ನು ವಿಷಯವಾರು ತೋರಿಸಿ, ಶ್ರೇಣಿ ಎಂದರೆ ಶೇಕಡಾ ಎಷ್ಟು ಎಂಬುದನ್ನು ಕೆಳಗೆ ಬರೆದು, ಬೋಧನಾ ಮಾಧ್ಯಮ ಕನ್ನಡ, ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿತಿದ್ದಾಳೆ, ಹಿಂದಿಯನ್ನು ಆರನೆಯ ತರಗತಿಯಿಂದ ಕಲಿತಿದ್ದಾಳೆ ಎಂದು ಸೇರಿಸಿ, ಇಂಗ್ಲಿಷಿನಲ್ಲಿ ಒಂದು ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯಾಧ್ಯಾಪಕರಿಂದಲೇ ಕೇಳಿ ಪಡೆಯಿರಿ. ಶಾಲೆಯೇ ಇಂಗ್ಲಿಷಿನಲ್ಲಿ ಕೊಟ್ಟ ಕಾಗದಕ್ಕೆ ಭಾಷಾಂತರಕಾರರ ಅಗತ್ಯವೇ ಬೀಳುವುದಿಲ್ಲ. ಹಳ್ಳಿಯ ಶಾಲೆಯ ಶಿಕ್ಷಕರಿಗೆ ಇಂಥ ಪತ್ರ ಬರೆದು ರೂಢಿಯಿಲ್ಲದಿದ್ದರೆ, ಒಂದು ಕರಡನ್ನು ನೀವೇ ಟೈಪು ಮಾಡಿಸಿ ಒಯ್ದು ಕೊಡಿ. ಅವರು ರಜಿಸ್ಟರಿನೊಂದಿಗೆ ತಾಳೆ ನೋಡಿ ಸಹಿ, ಮೊಹರು, ಶಾಲೆಯ ಗುರುತಿನ ಸಂಖ್ಯೆಯಾದ ಯು-ಡೈಸ್ ಸಂಖ್ಯೆ ಹಾಕಿ ಕೊಡುತ್ತಾರೆ.

ಮಗನ ನಲಿಕಲಿಯ ಬಗ್ಗೆಯೂ ಇದೇ ಮಾತು. ಅಲ್ಲಿ ಅಂಕವಿಲ್ಲ ನಿಜ, ಆದರೆ ಮಗು ಕಲಿಕಾ ಏಣಿಯ ಯಾವ ಮೈಲಿಗಲ್ಲು ದಾಟಿದೆ ಎಂಬುದರ ದಾಖಲೆ ಅಕ್ಕೋರ ಬಳಿ ಇರುತ್ತದೆ. ಸರಳ ಪದಗಳನ್ನು ಓದುತ್ತಾನೆ, ಇಷ್ಟರವರೆಗೆ ಸಂಖ್ಯೆ ಗುರುತಿಸುತ್ತಾನೆ, ಕೂಡುವ ಕಳೆಯುವ ಲೆಕ್ಕ ಮಾಡುತ್ತಾನೆ, ಗುಂಪಿನಲ್ಲಿ ಬೆರೆಯುತ್ತಾನೆ ಎಂದು ಅವರು ಅರ್ಧ ಪುಟ ಬರೆದುಕೊಟ್ಟರೆ, ಎರಡು ತರಗತಿ ಮೇಲೆ ಕೂರಬೇಕಾದ ಮಗುವಿನ ಹೊಸ ಶಿಕ್ಷಕಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.


ಉತ್ತರ: ಆರೋಗ್ಯ ಸಹಾಯಕಿ, ಅಂಕೋಲಾ ತಾಲ್ಲೂಕು

ಶಾಲೆಯ ಕಾಗದಗಳ ಬಗ್ಗೆ ಎಲ್ಲರೂ ಹೇಳಿದ್ದಾರೆ. ಲಸಿಕೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಕ್ಕಳು ಒಂಟಾರಿಯೊದಲ್ಲಿಯೇ ಇರುವುದರಿಂದ ಅಲ್ಲಿಯ ನಿಯಮ ತಿಳಿದಿದೆ. ಅಲ್ಲಿ ಶಾಲಾ ಮಕ್ಕಳ ಲಸಿಕೆಗೆಂದೇ ಕಾಯ್ದೆ ಇದೆ. ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ, ದಡಾರ, ಮಂಗನಬಾವು, ರುಬೆಲ್ಲಾ, ಮೆನಿಂಜೊಕಾಕಲ್ ಕಾಯಿಲೆ, ಮತ್ತು 2010ರಲ್ಲಿ ಅಥವಾ ಆ ಮೇಲೆ ಹುಟ್ಟಿದ ಮಕ್ಕಳಿಗೆ ಚಿಕನ್‌ಪಾಕ್ಸ್, ಇಷ್ಟರ ಲಸಿಕೆಯ ದಾಖಲೆಯನ್ನು ಪೋಷಕರು ಸ್ಥಳೀಯ ಸಾರ್ವಜನಿಕ ಆರೋಗ್ಯ ಘಟಕಕ್ಕೆ ಒಪ್ಪಿಸಬೇಕು. ದಾಖಲೆ ಪೂರ್ತಿಯಿಲ್ಲದಿದ್ದರೆ ತಿಳಿವಳಿಕೆ ಪತ್ರ ಕಳಿಸಿ, ಆ ಮೇಲೂ ಸರಿಪಡಿಸದಿದ್ದರೆ ಮಗುವನ್ನು ತಾತ್ಕಾಲಿಕವಾಗಿ ಶಾಲೆಯಿಂದ ಹೊರಗಿಡುವ ಅಧಿಕಾರವೂ ಅವರಿಗಿದೆ.

ನಮ್ಮ ಸರಕಾರಿ ವೇಳಾಪಟ್ಟಿಯಂತೆ ಎಲ್ಲ ಲಸಿಕೆ ಹಾಕಿಸಿದ ಮಗುವಿಗೂ ಅಲ್ಲಿ ಕೆಲವು ಕೊರತೆ ಕಾಣುತ್ತದೆ. ನಾವು ಕೊಡುವುದು ಎಂ.ಆರ್. ಲಸಿಕೆ, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ. ಅದರಲ್ಲಿ ಮಂಗನಬಾವು ಇಲ್ಲ. ಅದಲ್ಲದೆ ನಾವು ಮೊದಲ ಡೋಸನ್ನು ಒಂಬತ್ತು ತಿಂಗಳಿಗೆ ಹಾಕುತ್ತೇವೆ. ಅಲ್ಲಿ ಮೊದಲ ಹುಟ್ಟುಹಬ್ಬದಂದು ಅಥವಾ ಅದರ ನಂತರ ಹಾಕಿದ ಡೋಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗಾಗಿ ಎರಡು ಡೋಸ್ ಪಡೆದ ನಿಮ್ಮ ಮಗನದು ಅಲ್ಲಿ ಒಂದೇ ಡೋಸ್ ಎಂದು ಲೆಕ್ಕವಾಗುತ್ತದೆ. ಚಿಕನ್‌ಪಾಕ್ಸ್ ಲಸಿಕೆಯಾಗಲಿ ಮೆನಿಂಜೊಕಾಕಲ್ ಲಸಿಕೆಯಾಗಲಿ ನಮ್ಮ ಸರಕಾರಿ ಪಟ್ಟಿಯಲ್ಲಿಯೇ ಇಲ್ಲ. ಪೋಲಿಯೊ ಹನಿಯ ವಿಷಯದಲ್ಲಿಯೂ, 2016ರ ಏಪ್ರಿಲ್‌ನಲ್ಲಿ ದೇಶದಲ್ಲಿ ಮೂರು ವಿಧದ ಪೋಲಿಯೊ ವೈರಸ್ಸಿನ ವಿರುದ್ಧದ ಹನಿಯ ಬದಲು ಎರಡು ವಿಧದ ವಿರುದ್ಧ ಮಾತ್ರ ಕೆಲಸ ಮಾಡುವ ಹನಿ ಬಂದದ್ದರಿಂದ, ಅದರ ನಂತರದ ಹನಿಗಳನ್ನು ಅಲ್ಲಿ ಪರಿಗಣಿಸುವುದಿಲ್ಲ, ಚುಚ್ಚುಮದ್ದಿನ ದಾಖಲೆಯನ್ನು ಬೇರೆಯಾಗಿ ನೋಡುತ್ತಾರೆ. ಇದನ್ನು ಓದಿ ಹೆದರಬೇಕಾಗಿಲ್ಲ. ನಮ್ಮ ವೇಳಾಪಟ್ಟಿ ನಮ್ಮ ದೇಶದ ಮಕ್ಕಳ ಅಪಾಯಕ್ಕೆ ತಕ್ಕಂತೆ ಮಾಡಿದ್ದು, ಅವರದು ಅವರಿಗೆ ತಕ್ಕಂತೆ. ಶಾಲೆಯ ಮಕ್ಕಳಿಗೆ ಬೇಕಾದ ಈ ಲಸಿಕೆಗಳನ್ನು ಅಲ್ಲಿ ಸರಕಾರವೇ ಉಚಿತವಾಗಿ ಕೊಡುತ್ತದೆ. ಆದರೂ ಎಂ.ಎಂ.ಆರ್. (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಮತ್ತು ಚಿಕನ್‌ಪಾಕ್ಸ್ ಲಸಿಕೆಗಳನ್ನು ಶಿರಸಿಯ ಮಕ್ಕಳ ತಜ್ಞರ ಸಲಹೆ ಪಡೆದು ಇಲ್ಲಿಯೇ ಪ್ರಾರಂಭಿಸಿದರೆ ಸೆಪ್ಟೆಂಬರ್ ಹೊತ್ತಿಗೆ ನಿರಾಳವಾಗಿರಬಹುದು. ಇವೆರಡನ್ನೂ ಒಂದೇ ದಿನ ಹಾಕಿಸದಿದ್ದರೆ ನಡುವೆ ಕನಿಷ್ಠ ನಾಲ್ಕು ವಾರ ಬಿಡಬೇಕಾಗುವುದರಿಂದ ಕೊನೆಯ ವಾರಕ್ಕೆ ಮುಂದೂಡಬೇಡಿ.

ಮಗಳ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡನ್ನು ಈ ದಿನವೇ ಹುಡುಕಿ ತೆಗೆಯಿರಿ. ಹನ್ನೆರಡು ವರ್ಷದ ಹಿಂದಿನ ಕಾರ್ಡು ಎಂದರೆ ಮಡಚಿದಲ್ಲಿ ಹರಿದು, ಬಾಲ್‌ಪೆನ್ನಿನ ಶಾಯಿ ಮಸುಕಾಗಿ, ಮೂರೋ ಎಂಟೋ ಎಂದು ತಿಳಿಯದಂತೆ ಆಗಿರುತ್ತದೆ. ಹಾಗಿದ್ದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಕಾರ್ಡು ತೋರಿಸಿ, ಲಸಿಕೆಯ ಹೆಸರು ಮತ್ತು ದಿನಾಂಕಗಳನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದ ಪಟ್ಟಿಗೆ ಸಹಿ ಮೊಹರು ಹಾಕಿಸಿಕೊಳ್ಳಿ. ದಿನಾಂಕವನ್ನು ಅಂಕಿಯಲ್ಲಿ ಮಾತ್ರ ಬರೆದರೆ ಅಲ್ಲಿ ದಿನ ಯಾವುದು, ತಿಂಗಳು ಯಾವುದು ಎಂದು ಅದಲುಬದಲಾಗುವ ಸಂಭವವಿದೆ. ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಸಿ. ಇನ್ನೊಂದು ವಿಷಯ, ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ಎಂ.ಆರ್. ಲಸಿಕಾ ಅಭಿಯಾ‌ನ ನಡೆದಾಗ ನಿಮ್ಮ ಮಗಳಿಗೆ ಮೂರು ವರ್ಷ ದಾಟಿತ್ತು. ಅಂಗನವಾಡಿಯಲ್ಲಿ ಅವಳಿಗೂ ಹಾಕಿರಬೇಕು. ಅದರ ಕಾರ್ಡು ತಾಯಿ ಕಾರ್ಡಿನಿಂದ ಪ್ರತ್ಯೇಕವಾದ ಒಂದು ಚಿಕ್ಕ ಚೀಟಿ. ಅದು ಸಿಕ್ಕರೆ ಒಂದು ವರ್ಷ ತುಂಬಿದ ಮೇಲಿನ ಡೋಸಿಗೆ ಅದೇ ಪುರಾವೆ, ಆದ್ದರಿಂದ ಹಳೆಯ ಫೈಲಿನಲ್ಲಿ ಚೆನ್ನಾಗಿ ನೋಡಿ.


ಉತ್ತರ: ಭಟ್ಕಳದವರು, ದುಬೈ ವಾಸ

ಅಪೊಸ್ಟಿಲ್ ಬೇಡ ಎಂದು ಮೇಲೆ ಓದಿ ಕೊಲ್ಲಿ ದೇಶಗಳಿಗೆ ಹೊರಟವರೂ ಸುಮ್ಮನಾಗಿಬಿಟ್ಟರೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಇಷ್ಟು ಸೇರಿಸುತ್ತೇನೆ. ಯು.ಎ.ಇ. ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲ. ಭಾರತದಿಂದ ತಂದ ಟಿ.ಸಿ.ಗೆ ಇಲ್ಲಿಯ ಶಾಲೆಗಳು ದೃಢೀಕರಣ ಕೇಳುತ್ತವೆ. ಮೊದಲು ಶಿಕ್ಷಣ ಇಲಾಖೆಯ ಮೇಲುರುಜು, ನಂತರ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆ ಮೇಲೆ ಭಾರತದಲ್ಲಿರುವ ಯು.ಎ.ಇ. ರಾಯಭಾರ ಕಚೇರಿಯ ಮುದ್ರೆ, ಹೀಗೆ ಸರದಿಯಂತೆ ಆಗಬೇಕು. ಒಂದು ಮೆಟ್ಟಿಲು ಬಿಟ್ಟರೆ ಮುಂದಿನವರು ಕಾಗದವನ್ನು ಮುಟ್ಟುವುದಿಲ್ಲ. ಆದುದರಿಂದ ಅಕ್ಕಪಕ್ಕದವರು ಬೇರೆ ದೇಶಕ್ಕೆ ಹೋಗುವಾಗ ಏನು ಮಾಡಿದರು ಎಂದು ನೋಡಿ ತೀರ್ಮಾನಿಸದೆ, ತಾವು ಹೋಗುವ ದೇಶದ ಶಾಲೆಯನ್ನೇ ಇ-ಮೇಲ್ ಮೂಲಕ ಕೇಳಿ, ಅವರು ಬರಹದಲ್ಲಿ ಕೊಟ್ಟ ಪಟ್ಟಿಯಂತೆಯೇ ಮಾಡಬೇಕು.


ಮರುಪ್ರಶ್ನೆ: ಶಿರಸಿಯ ಒಬ್ಬ ತಾಯಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮಾಸ್ತರರು ಹೇಳಿದಂತೆ ಹೆಸರಿನ ತಿದ್ದುಪಡಿಯ ಅರ್ಜಿಯನ್ನು ಸೋಮವಾರವೇ ಶಾಲೆಗೆ ಕೊಡುತ್ತೇನೆ, ಕಾರವಾರದ ಕೆಲಸವನ್ನು ನನ್ನ ಅಣ್ಣನಿಗೂ ತಿಳಿಸಿದ್ದೇನೆ. ಸಿಸ್ಟರ್ ಹೇಳಿದ ಅಭಿಯಾನದ ಚೀಟಿ ಅಂಗನವಾಡಿಯ ಹಳೆಯ ಪುಸ್ತಕದೊಳಗೆ ಸಿಕ್ಕಿತು. ಇನ್ನು ಎರಡು ಸಂದೇಹಗಳು ಉಳಿದಿವೆ. ಯಜಮಾನರು ಜೊತೆಯಲ್ಲಿಲ್ಲದೆ ನಾನೊಬ್ಬಳೇ ಮಕ್ಕಳನ್ನು ಕರೆದುಕೊಂಡು ಪ್ರಯಾಣ ಮಾಡುವುದಕ್ಕೆ ಬೇರೆ ಕಾಗದ ಬೇಕೇ? ಹೋದ ಮೇಲೆ ಇಲ್ಲಿಯ ಕಚೇರಿಗಳಲ್ಲಿ ಏನಾದರೂ ಬಾಕಿ ಉಳಿದರೆ ಯಾರ ಮೂಲಕ ಮಾಡಿಸುವುದು?


ಉತ್ತರ: ಕುಮಟಾ ಮೂಲದವರು, ಈಗ ಮಿಸ್ಸಿಸಾಗಾ ವಾಸ

ಒಬ್ಬರೇ ಪೋಷಕರು ಮಕ್ಕಳೊಂದಿಗೆ ಬರುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಯಲ್ಲಿರಲಿ ಎಂದು ಕೆನಡಾದವರೇ ಸಲಹೆ ಮಾಡುತ್ತಾರೆ. ಮಕ್ಕಳ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರಯಾಣದ ದಿನಾಂಕ, ಇಲ್ಲಿ ಉಳಿಯುವ ವಿಳಾಸ ಮತ್ತು ತಮ್ಮ ದೂರವಾಣಿ ಸಂಖ್ಯೆ ಬರೆದು, ಇಲ್ಲಿಯ ನೋಟರಿಯ ಮುಂದೆ ಸಹಿ ಮಾಡಿ ಯಜಮಾನರು ಅದನ್ನು ಕಳಿಸಿಕೊಡಲಿ. ನಿಮ್ಮ ಮದುವೆ ನೋಂದಣಿ ಪ್ರಮಾಣಪತ್ರವನ್ನೂ ಅದರ ಜೊತೆಗೆ ಇಟ್ಟುಕೊಳ್ಳಿ.

ಎರಡನೆಯದಕ್ಕೆ, ಹೊರಡುವ ಮೊದಲು ನಿಮ್ಮ ಅಣ್ಣನವರ ಹೆಸರಿಗೆ ಶಾಲೆಯಿಂದಲೂ ನೋಂದಣಿ ಕಚೇರಿಯಿಂದಲೂ ಕಾಗದಗಳನ್ನು ಪಡೆಯಲು ಅಧಿಕಾರ ಕೊಡುವ ಪತ್ರ ಬರೆದು, ಸಹಿ ಮಾಡಿ, ನಿಮ್ಮ ಗುರುತಿನ ಚೀಟಿಯ ಪ್ರತಿಯೊಂದಿಗೆ ಕೊಟ್ಟು ಬನ್ನಿ. ಎಲ್ಲ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಇಬ್ಬರ ಇ-ಮೇಲ್‌ನಲ್ಲಿಯೂ ಇಡಿ. ಮೂಲ ಪ್ರತಿಗಳನ್ನು ದೊಡ್ಡ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿಯೇ ತನ್ನಿ. ಮಕ್ಕಳ ವಲಸೆ ಕಾಗದಗಳನ್ನು ವಿಮಾನ ನಿಲ್ದಾಣದ ಅಧಿಕಾರಿ ಕೊಟ್ಟೊಡನೆ, ಕೌಂಟರ್ ಬಿಟ್ಟು ಹೊರಡುವ ಮೊದಲೇ, ಹೆಸರು ಮತ್ತು ಹುಟ್ಟಿದ ದಿನಾಂಕ ಸರಿಯಿದೆಯೇ ಎಂದು ಓದಿ ನೋಡಿ. ಅಲ್ಲಿಯೇ ಹೇಳಿದರೆ ಅವರು ಆಗಲೇ ತಿದ್ದಿಕೊಡುತ್ತಾರೆ. ಹೊರಗೆ ಬಂದ ಮೇಲೆ ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ ಕಾಯಬೇಕಾಗುತ್ತದೆ.